ಬಚ್ಚಲುಮನೆಯಿಂದ ಹೊರಟ ದನಿ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ಸೋದರತ್ತೆಯ 14 ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬಂದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಅತ್ತೆಗೆ ಈಗ 76 ವರ್ಷ. ತೀರ್ಥಹಳ್ಳಿ ಕಡೆಯ ಆ ಮನೆ ಬಿಟ್ಟು ಅವರು ಬೆಂಗಳೂರಿಗೆ ಬರುವವರಲ್ಲ. ಹಾಗಾಗಿ ಮೈಕು, ಲ್ಯಾಪ್‌ಟಾಪು ಎಲ್ಲವನ್ನೂ ನಾನೇ ಹೊತ್ತುಕೊಂಡು ಹೋಗಿ ಅವರ ಅಡುಗೆಮನೆಯಲ್ಲಿ ಕೂತು ಮುದ್ರಿಸಿದೆ. ಮದುವೆಮನೆಗಳಲ್ಲಿ ಮೈಕಿಲ್ಲದೆ ಹಾಡಿ ಪಳಗಿದ ಗಂಟಲು ಅದು. ಏರುದನಿಗೆ ಹೋದರೆ ಕಪಾಟಿನ ಪಾತ್ರೆಗಳೂ ಗುಂಯ್‌ಗುಡುತ್ತಿದ್ದವು. ಸಾಲಿನ ಕೊನೆಗೆ ಬರುವಾಗ ಮಾತ್ರ ಉಸಿರು ಸಾಲದೆ, ಪದ ಕೇಳಿಸದಷ್ಟು ದನಿ ಸಣ್ಣದಾಗುತ್ತಿತ್ತು.

ಮನೆಯಲ್ಲೇ ಮಿಕ್ಸಿಂಗ್ ಮಾಡುವ ನನ್ನಂಥ ಹವ್ಯಾಸಿಗಳಿಗೆ ಇದರ ಮದ್ದು ಗೊತ್ತು: ಕಂಪ್ರೆಸರ್. ಜೋರಾದದ್ದನ್ನು ತಗ್ಗಿಸಿ, ಆಮೇಲೆ ಒಟ್ಟು ದನಿಯನ್ನು ಎತ್ತಿ, ಏರಿಳಿತದ ಅಂತರ ಕಡಿಮೆ ಮಾಡುವ ಉಪಕರಣ. ಕಂಪ್ಯೂಟರಿನ ಒಂದು ಪ್ಲಗಿನ್ ಹಾಕಿ ಮೊದಲ ಹಾಡನ್ನು ಸಿದ್ಧಮಾಡಿ ಫೋನಿಗೆ ಕಳಿಸಿದೆ. ಅತ್ತೆ ಕೇಳಿ ಹೇಳಿದ್ದು ಒಂದೇ ಮಾತು: "ನಂಗೆ ಗೂರಲು ಹಿಡ್ದಂಗೆ ಕೇಳ್ತದಲ್ಲೋ."

ಅವರು ಹೇಳಿದ್ದು ನಿಜ. ಸಾಲುಗಳ ನಡುವೆ ಅವರು ಎಳೆದುಕೊಳ್ಳುವ ಉಸಿರು ಹಾಡಿನಷ್ಟೇ ದೊಡ್ಡದಾಗಿ ಕೇಳುತ್ತಿತ್ತು. ನಾನು ತಪ್ಪನ್ನು ಪ್ಲಗಿನ್ನಿನ ತಲೆಗೆ ಕಟ್ಟಿದೆ. ನಕಲಿಯಿಂದ ಇಷ್ಟೇ ಆಗುವುದು, ನಿಜವಾದ ಪೆಟ್ಟಿಗೆಯೇ ಬೇಕು ಅಂದುಕೊಂಡು 1 ಲಕ್ಷ 20 ಸಾವಿರ ರೂಪಾಯಿ ಎತ್ತಿಟ್ಟೆ. ಸಂಬಳದ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಮಗಳ ಕಾಲೇಜಿನ ಫೀಸೂ ಅದೇ ಖಾತೆಯಿಂದ ಹೋಗಬೇಕು. ಕೊಳ್ಳುವ ಮುಂಚೆ ಈ ಪೆಟ್ಟಿಗೆಗಳು ಯಾಕೆ ಹುಟ್ಟಿದವು, ಯಾರ ಕಷ್ಟಕ್ಕೆ ಹುಟ್ಟಿದವು ಎಂದು ಓದತೊಡಗಿದೆ. ಆ ಓದು ನನ್ನ ಲೆಕ್ಕವನ್ನೇ ಬದಲಿಸಿತು.

ಕಂಪ್ರೆಸರಿನ ಹುಟ್ಟು ರೇಡಿಯೋ ಕೇಂದ್ರದಲ್ಲಿದೆ. ಎ.ಎಂ. ಪ್ರಸಾರದಲ್ಲಿ ದನಿ ಒಂದು ಮಿತಿ ಮೀರಿದರೆ ಟ್ರಾನ್ಸ್‌ಮಿಟರಿನಲ್ಲಿ ಅದು ಒಡೆದು, ಪಕ್ಕದ ಕೇಂದ್ರಗಳ ಜಾಗಕ್ಕೂ ಕರಕರ ಚೆಲ್ಲುತ್ತದೆ. ತೀರಾ ಸಣ್ಣದಾದರೆ ದೂರದ ಕೇಳುಗನಿಗೆ ಗದ್ದಲವೇ ಉಳಿಯುತ್ತದೆ. ಆದ್ದರಿಂದ ಮೊದಮೊದಲು ನಿಯಂತ್ರಣ ಕೊಠಡಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ಕಣ್ಣು ಮೀಟರಿನ ಮುಳ್ಳಿನ ಮೇಲೆ, ಕೈ ತಿರುಗಣೆಯ ಮೇಲೆ. ಭಾಷಣಕಾರ ಕೂಗಿದರೆ ತಗ್ಗಿಸಬೇಕು, ಪಿಸುಗುಟ್ಟಿದರೆ ಏರಿಸಬೇಕು. ಅಂದರೆ ಜಗತ್ತಿನ ಮೊದಲ ಕಂಪ್ರೆಸರ್ ಮನುಷ್ಯನ ಕೈ. ಆ ಕೈ ತಡವಾದಾಗ ಟ್ರಾನ್ಸ್‌ಮಿಟರನ್ನು ಕಾಯಲು 1930ರ ದಶಕದಲ್ಲಿ ಲಿಮಿಟರ್ ಎಂಬ ಪೆಟ್ಟಿಗೆಗಳು ಬಂದವು. ಸಂಗೀತವನ್ನು ಚೆಂದ ಮಾಡುವ ಯೋಚನೆ ಆಗ ಯಾರಿಗೂ ಇದ್ದಂತಿಲ್ಲ.

ಗ್ರಾಮಫೋನ್ ತಟ್ಟೆ ಕೊರೆಯುವವರಿಗೂ ಇಂಥದೇ ಕಷ್ಟ. ದನಿ ಜೋರಾದಷ್ಟೂ ಗೆರೆ ಹೆಚ್ಚು ಓಲಾಡುತ್ತದೆ. ಮಿತಿ ಮೀರಿದರೆ ಪಕ್ಕದ ಗೆರೆಯನ್ನು ಕಡಿಯುತ್ತದೆ, ಮನೆಯಲ್ಲಿ ನುಡಿಸುವಾಗ ಮುಳ್ಳು ಹಾರುತ್ತದೆ. ಅದಕ್ಕಾಗಿ 1950ರ ದಶಕದ ಕೊನೆಯ ಹೊತ್ತಿಗೆ ಎಸ್ಟೋನಿಯಾ ಮೂಲದ ರೈನ್ ನಾರ್ಮಾ ಅಮೆರಿಕದಲ್ಲಿ ರೂಪಿಸಿದ್ದು ಫೇರ್‌ಚೈಲ್ಡ್ ಲಿಮಿಟರ್. ಎರಡು ಚಾನಲ್ಲಿನ 670 ಮಾದರಿಯಲ್ಲಿ 20 ಟ್ಯೂಬುಗಳಿದ್ದವು. ತೂಕ ಸುಮಾರು 30 ಕಿಲೋ. ಅದರ ಒಂಟಿ ಚಾನಲ್ಲಿನ ತಮ್ಮ 660 ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಬಂದು, ಬೀಟಲ್ಸ್‌ನ ಧ್ವನಿಮುದ್ರಿಕೆಗಳಲ್ಲಿ ದುಡಿಯಿತು. ಮುಳ್ಳು ಹಾರದಿರಲಿ ಎಂದು ಮಾಡಿದ ಯಂತ್ರದ ಗುಣವೇ ಕಿವಿಗೆ ರುಚಿಸಿ, ಜನ ಅದನ್ನು ರುಚಿಗಾಗಿಯೇ ಬಳಸತೊಡಗಿದರು.

ನಾನು ಕಣ್ಣಿಟ್ಟಿದ್ದು ಮೂರನೆಯ ಒಂದು ಪೆಟ್ಟಿಗೆಯ ವಂಶಸ್ಥನ ಮೇಲೆ. ಕ್ಯಾಲಿಫೋರ್ನಿಯಾದ ಜಿಮ್ ಲಾರೆನ್ಸ್ ರೇಡಿಯೋ ಕೇಂದ್ರದಲ್ಲಿ ದುಡಿದ ಎಂಜಿನಿಯರ್. ಬೆಳಕನ್ನು ಗ್ರಹಿಸುವ ಸಂವೇದಕಗಳ ಕೆಲಸವನ್ನೂ ಬಲ್ಲವರು. ತಿರುಗಣೆ ತಿರುಗಿಸುವ ಕೈಯ ಕೆಲಸವನ್ನು ಅವರು ಬೆಳಕಿಗೆ ಒಪ್ಪಿಸಿದರು. ದನಿ ಹೆಚ್ಚಾದಾಗ ಒಂದು ಚಿಕ್ಕ ಫಲಕ ಹೊಳೆಯುತ್ತದೆ. ಅದರ ಎದುರಿಗಿರುವ ಬೆಳಕುಸೂಕ್ಷ್ಮ ರೆಸಿಸ್ಟರ್ ಆ ಹೊಳಪಿಗೆ ತಕ್ಕಂತೆ ದನಿಯನ್ನು ತಗ್ಗಿಸುತ್ತದೆ. ಹೊಳಪು ಆರಿದ ಮೇಲೂ ರೆಸಿಸ್ಟರ್ ಥಟ್ಟನೆ ಮೊದಲಿನಂತಾಗುವುದಿಲ್ಲ. ಅರ್ಧದಷ್ಟು ಬೇಗ, ಉಳಿದರ್ಧ ನಿಧಾನವಾಗಿ, ಕೆಲವು ಸೆಕೆಂಡುಗಳಲ್ಲಿ ಮರಳುತ್ತದೆ. ಆ ಸೋಮಾರಿತನವೇ ಹಾಡುವ ದನಿಗೆ ಒಗ್ಗಿತು. 1960ರ ದಶಕದ ಆರಂಭದಲ್ಲಿ ಬಂದ ಅವರ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಪೆಟ್ಟಿಗೆಗೆ ಮುಖ್ಯವಾಗಿ ಎರಡೇ ತಿರುಗಣೆ: ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು.

ಈ ಕಥೆಯಲ್ಲಿ ನನಗೆ ಹತ್ತಿರದವರಾಗಿ ಕಂಡವರು ಬಿಲ್ ಪುಟ್ನಮ್. 1947ರಲ್ಲಿ ಶಿಕಾಗೋದ ತಮ್ಮ ಯೂನಿವರ್ಸಲ್ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವರು ಹಾರ್ಮೋನಿಕ್ಯಾಟ್ಸ್ ಎಂಬ ಮೌತ್ ಆರ್ಗನ್ ತಂಡದ 'ಪೆಗ್ ಓ ಮೈ ಹಾರ್ಟ್' ಮುದ್ರಿಸಿದರು. ಆ ವಾದ್ಯಗಳ ದನಿಗೆ ವಿಶಾಲವಾದ ಜಾಗದ ಅನುರಣನ ಬೇಕಿತ್ತು. ಪುಟ್ನಮ್ ಬಳಸಿದ್ದು ಸ್ಟುಡಿಯೋದ ಬಚ್ಚಲುಮನೆಯನ್ನು! ದನಿಯನ್ನು ಅಲ್ಲಿಯ ಸ್ಪೀಕರಿಗೆ ಕಳಿಸಿ, ಗೋಡೆಗೆ ಬಡಿದು ಬಂದದ್ದನ್ನು ಮೈಕಿನಿಂದ ಹಿಡಿದು, ಮೂಲ ದನಿಯೊಂದಿಗೆ ಬೆರೆಸಿದರು. ಅಮೆರಿಕದಲ್ಲಿ ಆ ಹಾಡು ಬಹಳ ಜನಪ್ರಿಯವಾಯಿತು. ಸ್ನಾನ ಮಾಡುವಾಗ ನಮ್ಮೆಲ್ಲರ ಕಂಠವೂ ಒಂದು ಸುತ್ತು ಸುಧಾರಿಸುವ ಗುಟ್ಟನ್ನು ಅವರು ವೃತ್ತಿಗೆ ತಂದರು ಅಷ್ಟೇ.

ಎಲ್ಲರ ಬಳಿಯೂ ಪ್ರತಿಧ್ವನಿಸುವ ಖಾಲಿ ಕೋಣೆ ಇರುವುದಿಲ್ಲವಲ್ಲ? ಆ ಕೊರತೆಗೆ 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಒಂದು ಉತ್ತರ ಕೊಟ್ಟಿತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ಚೌಕಟ್ಟಿನಲ್ಲಿ ಎಳೆದು ಕಟ್ಟಿ, ಅದನ್ನು ದನಿಯಿಂದ ನಡುಗಿಸುವುದು. ಆ ನಡುಕವನ್ನೇ ಅನುರಣನವಾಗಿ ಹಿಡಿಯುವುದು. ಇಎಂಟಿ 140 ಎಂಬ ಈ 'ಪ್ಲೇಟ್ ರಿವರ್ಬ್' ಸುಮಾರು 270 ಕಿಲೋ ತೂಗುತ್ತಿತ್ತು. ಕೋಣೆಗಿಂತ ಅದು ಚಿಕ್ಕದು ಎಂಬುದೇ ಆಗ ದೊಡ್ಡ ಅನುಕೂಲ! 1976ರಲ್ಲಿ ಅದೇ ಕಂಪನಿಯ ಇಎಂಟಿ 250 ಉಕ್ಕನ್ನೂ ಬಿಟ್ಟು, ಅಂಕಿಗಳ ಲೆಕ್ಕಾಚಾರದಿಂದಲೇ ಅನುರಣನ ಹುಟ್ಟಿಸಿತು.

ಲೆಕ್ಕಾಚಾರವೇ ಆದಮೇಲೆ ಪೆಟ್ಟಿಗೆ ಯಾಕೆ? 1990ರ ದಶಕದ ಆರಂಭದಲ್ಲಿ ಇಸ್ರೇಲಿನ ವೇವ್ಸ್ ಕಂಪನಿ ಕ್ಯೂ10 ಎಂಬ ಈಕ್ವಲೈಜರನ್ನು ಕಂಪ್ಯೂಟರಿನ ಪ್ಲಗಿನ್ ಆಗಿ ತಂದಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ವಿಎಸ್‌ಟಿ ಎಂಬ ವ್ಯವಸ್ಥೆಯನ್ನು ರೂಪಿಸಿ ಹೊರಗಿನವರೂ ಪ್ಲಗಿನ್ ಬರೆಯುವಂತೆ ಬಾಗಿಲು ತೆರೆಯಿತು. ಮನೆಯ ಮೂಲೆಯ ಮೇಜೇ ಸ್ಟುಡಿಯೋ ಆಗತೊಡಗಿದ್ದು ಅಲ್ಲಿಂದ. 1967ರಲ್ಲಿ 1176 ಎಂಬ ಚುರುಕಾದ ಕಂಪ್ರೆಸರನ್ನು ಕೊಟ್ಟಿದ್ದ, ಟೆಲಿಟ್ರಾನಿಕ್ಸನ್ನೂ ಕೊಂಡಿದ್ದ ಪುಟ್ನಮ್ 1989ರಲ್ಲಿ ತೀರಿಕೊಂಡರು. ಅವರ ಮಕ್ಕಳು 1999ರಲ್ಲಿ ಯೂನಿವರ್ಸಲ್ ಆಡಿಯೋ ಕಂಪನಿಯನ್ನು ಮತ್ತೆ ಕಟ್ಟಿದರು. ಅವರು ಅಪ್ಪನ ಕಾಲದ ಪೆಟ್ಟಿಗೆಗಳನ್ನು ಮತ್ತೆ ತಯಾರಿಸಿದರು, ಅವೇ ಪೆಟ್ಟಿಗೆಗಳ ಪ್ಲಗಿನ್ನುಗಳನ್ನೂ ಮಾರಿದರು. ಯಾವುದು ಅಸಲಿ, ಯಾವುದು ನಕಲಿ ಎಂಬ ನನ್ನ ಜಗಳವನ್ನು ಆ ಮನೆಯವರೇ ತಲೆಗೆ ಹಚ್ಚಿಕೊಂಡಿರಲಿಲ್ಲ.

ಆದರೂ ಕಿವಿಯಲ್ಲಿ ಪರೀಕ್ಷಿಸದೆ ಮನಸ್ಸು ಒಪ್ಪಲಿಲ್ಲ. ಬೆಳಕಿನಿಂದ ಕೆಲಸ ಮಾಡುವ ಕಂಪ್ರೆಸರ್ ಪೆಟ್ಟಿಗೆಯೊಂದು ಗೆಳೆಯನ ಬಳಿ ಇತ್ತು. ಅತ್ತೆಯ ಹಾಡನ್ನು ಅದರ ಮೂಲಕ ಒಮ್ಮೆ, ಅದೇ ಬಗೆಯ ಪ್ಲಗಿನ್ನಿನ ಮೂಲಕ ಒಮ್ಮೆ ಹಾಯಿಸಿದೆವು. ಮೊದಲ ಸಲ ಪೆಟ್ಟಿಗೆಯೇ ಗೆದ್ದಿತು. ಗೆಳೆಯ ನಕ್ಕು, ಪೆಟ್ಟಿಗೆಯಿಂದ ಬಂದ ದನಿ ಒಂದು ಡೆಸಿಬೆಲ್‌ನಷ್ಟು ಜೋರಾಗಿದೆ ಎಂದು ತೋರಿಸಿದ. ತುಸು ಜೋರಾದದ್ದು ಕಿವಿಗೆ ಯಾವಾಗಲೂ ಉತ್ತಮವೆಂದೇ ಕೇಳುತ್ತದೆ. ಎರಡನ್ನೂ ಸಮ ಮಾಡಿ, ಹೆಸರು ಮುಚ್ಚಿ ಹತ್ತು ಸಲ ಕೇಳಿಸಿದ. ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇನ್ನೂ ದೊಡ್ಡ ಪಾಠ ಬೇರೆ ಇತ್ತು: ನಿಜವಾದ ಪೆಟ್ಟಿಗೆಯಲ್ಲೂ ಅತ್ತೆಗೆ ಗೂರಲು ಹಿಡಿದೇ ಇತ್ತು.

ಪೆಟ್ಟಿಗೆಯ ಪರವಾಗಿ ಹೇಳುವ ಮಾತುಗಳು ಸುಳ್ಳಲ್ಲ. ಕೈಗೆ ಸಿಗುವ ತಿರುಗಣೆ ಬೇಗ ತೀರ್ಮಾನ ಮಾಡಿಸುತ್ತದೆ. 60 ವರ್ಷದ ಪೆಟ್ಟಿಗೆಯನ್ನೂ ಬಿಚ್ಚಿ ರಿಪೇರಿ ಮಾಡಬಹುದು. ಪ್ಲಗಿನ್ನುಗಳೋ, ಕಂಪ್ಯೂಟರ್ ಬದಲಾಯಿಸಿದರೆ ಕೆಲವೊಮ್ಮೆ ತೆರೆಯುವುದೇ ಇಲ್ಲ. ಹಾಡುವಾಗಲೇ ದನಿಯನ್ನು ಹದ ಮಾಡಿ ಮುದ್ರಿಸುವವರಿಗೆ ಪೆಟ್ಟಿಗೆ ನಿಜಕ್ಕೂ ಒದಗುತ್ತದೆ. ಮಿಕ್ಸಿಂಗಿಗೆ ಬಂದರೆ ಲೆಕ್ಕ ಬೇರೆ. ಕಂಪ್ಯೂಟರಿನ ಅಂಕಿಗಳನ್ನು ವಿದ್ಯುತ್ತಾಗಿಸಿ ಪೆಟ್ಟಿಗೆಗೆ ಕಳಿಸಬೇಕು, ಬಂದದ್ದನ್ನು ಮತ್ತೆ ಅಂಕಿಯಾಗಿಸಬೇಕು. ಅದಕ್ಕೆ ಇಂಟರ್‌ಫೇಸಿನಲ್ಲಿ ಹೆಚ್ಚಿನ ಕಿಂಡಿಗಳು, ಒಳ್ಳೆಯ ಕೇಬಲ್ಲುಗಳು ಬೇಕು. ಐದು ನಿಮಿಷದ ಹಾಡು ಹಾಯಲು ಐದು ನಿಮಿಷವೇ ಬೇಕು. ಒಂದು ಚಾನಲ್ಲಿನ ಪೆಟ್ಟಿಗೆ ಒಮ್ಮೆಗೆ ಒಂದೇ ದನಿಗೆ ಸಿಗುತ್ತದೆ. ತಿಂಗಳು ಬಿಟ್ಟು ಬಂದರೆ ತಿರುಗಣೆ ಎಲ್ಲಿತ್ತೆಂಬುದಕ್ಕೆ ಬರೆದಿಟ್ಟ ಚೀಟಿಯೇ ಗತಿ. ಅರ್ಥಿಂಗ್ ಸರಿಯಿಲ್ಲದ ಮನೆಯಾದರೆ 50 ಹರ್ಟ್ಸ್‌ನ ಗುಂಯ್‌ಕಾರ ಬೇರೆ. ಪ್ಲಗಿನ್ ಒಂದೇ ಇದ್ದರೂ ಹತ್ತು ಟ್ರ್ಯಾಕಿಗೆ ಹಾಕಬಹುದು, ನಾಳೆ ತೆರೆದರೆ ನಿನ್ನೆಯ ಸ್ಥಿತಿಯಲ್ಲೇ ಇರುತ್ತದೆ.

ಹಾಗಾದರೆ ಗೂರಲಿಗೆ ಮದ್ದೇನು? ಇತಿಹಾಸದ ಮೊದಲ ಪುಟದಲ್ಲೇ ಅದಿತ್ತು: ಮನುಷ್ಯನ ಕೈ. ಕಂಪ್ರೆಸರಿಗೆ ಜೋರು ಮತ್ತು ಸಣ್ಣ ಎಂಬ ಭೇದ ಮಾತ್ರ ಗೊತ್ತು. ಉಸಿರು ಯಾವುದು, ಸಾಲಿನ ಕೊನೆಯ ಪದ ಯಾವುದು ಎಂದು ಗೊತ್ತಿಲ್ಲ. ಅದು ಗೊತ್ತಿರುವುದು ಹಾಡನ್ನು ಬಲ್ಲವನಿಗೆ. ಅತ್ತೆಯ ಹಾಡಿನ ಪ್ರತಿ ಸಾಲಿಗೂ ನಾನೇ ದನಿಯ ಏರಿಳಿತದ ಗೆರೆ ಎಳೆದೆ. ಕೊನೆಯ ಪದ ಬರುವಾಗ ನಾಲ್ಕು ಡೆಸಿಬೆಲ್ ಮೇಲೆ, ಉಸಿರು ಬರುವಾಗ ಆರು ಡೆಸಿಬೆಲ್ ಕೆಳಗೆ. ಉಸಿರನ್ನು ಪೂರ್ತಿ ಅಳಿಸಲಿಲ್ಲ; ಉಸಿರಿಲ್ಲದ ಹಾಡು ಗೊಂಬೆ ಹಾಡಿದ ಹಾಗಿರುತ್ತದೆ. ಒಂದು ಹಾಡಿಗೆ ಮೂರು ಸಂಜೆ ಹಿಡಿಯಿತು. ಅದರ ಮೇಲೆ ಮೊದಲಿನ ಪ್ಲಗಿನ್ನನ್ನೇ ಹಾಕಿದೆ. ಈಗ ಅದು ಎರಡು ಡೆಸಿಬೆಲ್‌ಗಿಂತ ಹೆಚ್ಚು ದುಡಿಯಬೇಕಾಗಿರಲಿಲ್ಲ. ಉಪಕರಣದ ಮೇಲೆ ನಾನು ಹೊರಿಸಿದ್ದ ತಪ್ಪು ನನ್ನದೇ ಆಗಿತ್ತು. ನನ್ನ ಕೈ ಮಾಡಬೇಕಾದ ಕೆಲಸವನ್ನೂ ಅದರಿಂದಲೇ ಮಾಡಿಸಲು ಹೋಗಿದ್ದೆ.

ಅನುರಣನಕ್ಕೆ ಪುಟ್ನಮ್ ಅವರ ದಾರಿಯನ್ನೇ ಹಿಡಿದೆ. ರಾತ್ರಿ 11ರ ನಂತರ, ನೀರಿನ ಮೋಟರು ನಿಂತ ಮೇಲೆ, ನಮ್ಮ ಫ್ಲಾಟಿನ ಬಚ್ಚಲಿನಲ್ಲಿ ಚಿಕ್ಕ ಸ್ಪೀಕರ್ ಇಟ್ಟು, ಮೈಕನ್ನು ಎದುರು ಮೂಲೆಯ ಗೋಡೆಗೆ ಮುಖ ಮಾಡಿಸಿದೆ. ಮೊದಲ ಸಲ ನಲ್ಲಿಯ ತೊಟಕು ಹಾಡಿಗಿಂತ ಚೆನ್ನಾಗಿ ಮುದ್ರಣವಾಯಿತು. ನಲ್ಲಿಗೆ ಬಟ್ಟೆ ಕಟ್ಟಿ ಮತ್ತೆ ಮಾಡಿದೆ. ಬಂದ ದನಿಯನ್ನು ಮೂಲದ ಕೆಳಗೆ ಕೇಳಿಯೂ ಕೇಳದಷ್ಟು ಬೆರೆಸಿದಾಗ, ಅಡುಗೆಮನೆಯ ಇಕ್ಕಟ್ಟು ಹೋಗಿ ಅತ್ತೆ ಜಗಲಿಗೆ ಬಂದು ಕೂತಂತೆ ಕೇಳಿತು.

ಈಗ ಯಾರಾದರೂ ಪೆಟ್ಟಿಗೆ ಕೊಳ್ಳಲೋ ಪ್ಲಗಿನ್ ಕೊಳ್ಳಲೋ ಎಂದು ಕೇಳಿದರೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಕಷ್ಟ ಯಾವುದು? ರೇಡಿಯೋದವನಿಗೆ ಟ್ರಾನ್ಸ್‌ಮಿಟರಿನ ಚಿಂತೆ, ತಟ್ಟೆ ಕೊರೆಯುವವನಿಗೆ ಮುಳ್ಳಿನ ಚಿಂತೆ, ಪುಟ್ನಮ್‌ಗೆ ಜಾಗದ ಚಿಂತೆ. ಅವರೆಲ್ಲ ತಮ್ಮ ಕಷ್ಟದ ಹೆಸರು ಹೇಳಬಲ್ಲವರಾಗಿದ್ದರು. ನಾನು ಹೆಸರು ಹೇಳುವ ಮೊದಲೇ ದುಡ್ಡು ಎತ್ತಿಟ್ಟಿದ್ದೆ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಕೊಂಡೆ. ಉಳಿದದ್ದು ಫೀಸಿನ ಖಾತೆಗೆ ಮರಳಿತು.

ಹೊಸ ಮಿಕ್ಸನ್ನು ಅತ್ತೆಗೆ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿದರು. ದನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಮೂರನೇ ನುಡಿ ಕೊನೇಲಿ ಪದ ತಪ್ಪು ಹೇಳಿದೀನಿ ಕಣೋ. ಈಗ ಸರಿಯಾಗಿ ಕೇಳ್ತು. ಮತ್ತೆ ಯಾವಾಗ ಬರ್ತೀಯ?"