ಹಿಮದಲ್ಲಿ ಹೂತುಹೋಗದ ಪಾದ

ಕೆನಡಾ, ಅಲಾಸ್ಕಾಗಳ ಸೂಚಿಪರ್ಣಿ ಕಾಡುಗಳಲ್ಲಿ ಬದುಕುವ ಕೆನಡಾ ಲಿಂಕ್ಸ್‌ನ ಪಾದವನ್ನು ಗಮನಿಸಿ. ಸುಮಾರು 10 ಕಿಲೋ ತೂಗುವ ಬೆಕ್ಕಿಗೆ ಎಷ್ಟು ದೊಡ್ಡ ಪಾದ! ಬೆರಳುಗಳನ್ನು ಅಗಲಿಸಿ ಊರಿದರೆ, ದಟ್ಟ ರೋಮದ ಈ ಪಾದ ಮೈಭಾರವನ್ನು ಹರಡಿಬಿಡುತ್ತದೆ. ಮೆತ್ತನೆಯ ಹಿಮದಲ್ಲೂ ಕಾಲು ಹೂತುಹೋಗುವುದಿಲ್ಲ.

ಇದು ಬೇಟೆಯನ್ನು ಬಹುದೂರ ಅಟ್ಟಿಸಿಕೊಂಡು ಹೋಗುವ ಪ್ರಾಣಿಯಲ್ಲ. ಪೊದೆಯ ಮರೆಯಲ್ಲಿ ಹೊಂಚು ಹಾಕಿ, ನಾಲ್ಕಾರು ನೆಗೆತಗಳಲ್ಲೇ ಹಿಮಮೊಲದ ಮೇಲೆರಗುತ್ತದೆ. ಆಹಾರದ ಬಹುಪಾಲು ಈ ಮೊಲವೇ. ಮೊಲಗಳ ಸಂಖ್ಯೆ ಸುಮಾರು 10 ವರ್ಷಕ್ಕೊಮ್ಮೆ ಏರಿ ಕುಸಿಯುತ್ತದೆ. ಒಂದೆರಡು ವರ್ಷ ತಡವಾಗಿ ಲಿಂಕ್ಸ್‌ಗಳದ್ದೂ ಅಷ್ಟೇ. ಹಡ್ಸನ್ಸ್ ಬೇ ಕಂಪನಿಯ ತುಪ್ಪಳ ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ವಿಜ್ಞಾನಿಗಳು ಗುರುತಿಸಿದ ಏರಿಳಿತವಿದು.

ಮೊಲ ವಿರಳವಾದಾಗ ಲಿಂಕ್ಸ್ ಕೆಂಪು ಅಳಿಲು, ಗ್ರೌಸ್ ಹಕ್ಕಿಗಳನ್ನು ಹಿಡಿದು ದಿನ ದೂಡುತ್ತದೆ. ನೋವಿನ ಸಂಗತಿಯೆಂದರೆ, ಅಂಥ ವರ್ಷಗಳಲ್ಲಿ ಹುಟ್ಟಿದ ಮರಿಗಳಲ್ಲಿ ಬದುಕುಳಿಯುವವು ತೀರ ಕಡಿಮೆ.