ಸಾವನದುರ್ಗದ ಆರೋಹಣ

ನಮ್ಮ ನಾಡಿನ ಗಿರಿಗಳಲ್ಲಿ ಔನ್ನತ್ಯದಿಂದ ಹೆಸರಾದವು ಕೆಲವು, ದುರ್ಗಮತೆಯಿಂದ ಹೆಸರಾದವು ಕೆಲವು. ೧೯೩೦ ಮೀಟರು ಎತ್ತರದ ಮುಳ್ಳಯ್ಯನಗಿರಿಯು ಮೊದಲನೆಯ ವರ್ಗಕ್ಕೆ ಶಿಖರಪ್ರಾಯವಾದರೆ, ಎರಡನೆಯ ವರ್ಗದಲ್ಲಿ ಮಾಗಡಿ ಸೀಮೆಯ ಸಾವನದುರ್ಗಕ್ಕೆ ಸಮನಾದುದು ವಿರಳ. ಹೆಬ್ಬಗೋಡಿಯಿಂದ ಪಶ್ಚಿಮಕ್ಕೆ, ಕೊಂಚ ವಾಯವ್ಯದ ಕಡೆಗೆ, ನೇರವಾಗಿ ಅಳೆದರೆ ನಲವತ್ತು ಕಿಲೋಮೀಟರಿಗಿಂತ ತುಸು ದೂರದಲ್ಲಿರುವ ಈ ಬೆಟ್ಟವು ಸಮುದ್ರಮಟ್ಟದಿಂದ ೧೨೨೬ ಮೀಟರು ಎತ್ತರವಾಗಿದೆ. ಇಂತಹ ಬೆಟ್ಟವು ೧೭೯೧ರಲ್ಲಿ ಒಂದೇ ಗಂಟೆಯೊಳಗೆ ಶತ್ರುವಶವಾದುದು ಹೇಗೆಂಬುದು ವಿಚಾರಯೋಗ್ಯವಾದ ಸಂಗತಿ.

ಮೊದಲು ಬೆಟ್ಟದ ಸ್ವರೂಪವನ್ನು ನೋಡೋಣ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂಗರ್ಭಶಾಸ್ತ್ರಜ್ಞರು ಹೆಸರಿಸಿರುವ ಗ್ರಾನೈಟು ಶಿಲೆಯ ಪಟ್ಟಿಯೊಂದು ಉತ್ತರದಕ್ಷಿಣವಾಗಿ ಹಬ್ಬಿದೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳು. ಆ ಪಟ್ಟಿಯಲ್ಲಿ ತಲೆಯೆತ್ತಿ ನಿಂತ ಮಹಾಶಿಲೆಯೇ ಸಾವನದುರ್ಗ. ಇದಕ್ಕೆ ಕರಿಗುಡ್ಡ, ಬಿಳಿಗುಡ್ಡವೆಂದು ಎರಡು ಶಿಖರಗಳು. ನಡುವೆ ಆಳವಾದ ಕಂದರ. ಸಮೀಪದಲ್ಲಿ ಅರ್ಕಾವತಿ ಹರಿಯುತ್ತಾಳೆ. ಬುಡದ ಸುತ್ತ ಆಗ ದಟ್ಟವಾದ ಬಿದಿರುಮೆಳೆಯಿದ್ದು, ಅಲ್ಲಿನ ಜ್ವರವು ಬಂಡೆಗಿಂತಲೂ ಭಯಂಕರವೆಂದು ಜನರು ನಂಬಿದ್ದರು. ಸಾವನದುರ್ಗವನ್ನು ‘ಸಾವಿನ ದುರ್ಗ’ವೆಂದು ಅರ್ಥೈಸುವ ರೂಢಿಯೂ ಉಂಟು.

ಮಾಗಡಿಯ ಕೆಂಪೇಗೌಡರ ವಂಶಕ್ಕೆ ಈ ದುರ್ಗವೇ ಆಶ್ರಯವಾಗಿತ್ತು. ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನು ಗೆದ್ದಾಗ ಅದು ಮೈಸೂರಿಗೆ ಸೇರಿತು. ಮುಂದೆ ಟೀಪು ಸುಲ್ತಾನನ ಕಾಲದಲ್ಲಿ ಲಾರ್ಡ್ ಕಾರ್ನ್‌ವಾಲಿಸನು ೧೭೯೧ರ ಮಾರ್ಚ್ ೨೧ರಂದು ಬೆಂಗಳೂರು ಕೋಟೆಯನ್ನು ಹಿಡಿದನು. ಆದರೆ ಮೇ ತಿಂಗಳಲ್ಲಿ ಆಹಾರವೂ ಎತ್ತುಗಳೂ ನಾಶವಾಗಿ, ಶ್ರೀರಂಗಪಟ್ಟಣದ ಸಮೀಪದಿಂದಲೇ ಹಿಂದಿರುಗಬೇಕಾಯಿತು. ಸರಬರಾಜಿನ ದಾರಿ ನಿರ್ಭಯವಾಗದೆ ಜಯವಿಲ್ಲವೆಂಬುದು ಅವನಿಗೆ ಮನದಟ್ಟಾಯಿತು. ಜುಲೈಯಲ್ಲಿ, ಇಂದು ಹೆಬ್ಬಗೋಡಿಯ ಮೂಲಕ ಹಾದುಹೋಗುವ ರಸ್ತೆಯ ತುದಿಯಲ್ಲಿರುವ ಹೊಸೂರನ್ನು ವಶಪಡಿಸಿಕೊಂಡನು. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಬೆಂಗಳೂರು-ಶ್ರೀರಂಗಪಟ್ಟಣಗಳ ನಡುವೆ ಉಳಿದ ದೊಡ್ಡ ಅಡ್ಡಿಯೆಂದರೆ ಸಾವನದುರ್ಗ.

ಆ ಸೇನೆಯು ಮೊದಲು ಕಾದಿದ್ದು ಮನುಷ್ಯರೊಡನೆಯಲ್ಲ, ಕಾಡಿನೊಡನೆ. ಡಿಸೆಂಬರ್ ೧೦ರಿಂದ ಬಿದಿರನ್ನು ಕಡಿದು, ಬಂಡೆಗಳ ಮೇಲೆ ದಾರಿ ಮಾಡಿ, ಭಾರಿ ಫಿರಂಗಿಗಳನ್ನು ಎಳೆದು ತಂದರು. ೧೭ರಂದು ಗುಂಡಿನ ಮಳೆ ಆರಂಭವಾಯಿತು. ಗೋಡೆ ಬಿರಿಯಿತು. ೨೧ರಂದು, ಬೆಂಗಳೂರು ಬಿದ್ದ ಒಂಬತ್ತು ತಿಂಗಳಿಗೆ ಸರಿಯಾಗಿ, ಹಗಲಿನಲ್ಲೇ ಲಗ್ಗೆ ನಡೆಯಿತು. ಹಿಮ್ಮೆಟ್ಟಿದ ಕಾವಲಿನವರನ್ನು ದಾಳಿಕಾರರು ಎಷ್ಟು ಹತ್ತಿರದಿಂದ ಬೆನ್ನಟ್ಟಿದರೆಂದರೆ, ಮೇಲಿನ ಬಾಗಿಲನ್ನು ಮುಚ್ಚಲೂ ಅವಕಾಶವಾಗಲಿಲ್ಲ. ಓಡುವವರಲ್ಲಿ ಅನೇಕರು ಪ್ರಪಾತಕ್ಕೆ ಬಿದ್ದು ಮಡಿದರು, ಕಿಲ್ಲೇದಾರನೂ ಹತನಾದನು. ಲಗ್ಗೆಯಲ್ಲಿ ಆಂಗ್ಲರ ಕಡೆ ಒಬ್ಬ ಸೈನಿಕನಿಗೆ ಮಾತ್ರ ಗಾಯವಾಯಿತೆಂದು ಚರಿತ್ರಕಾರ ವಿಲ್ಕ್ಸನು ಬರೆದಿರುತ್ತಾನೆ.

ಇದರಿಂದ ತಿಳಿಯಬೇಕಾದುದೇನು? ಸುಲ್ತಾನನ ಕಡೆಯವರು ಕಾಡು, ಜ್ವರ, ಬಂಡೆ ಈ ಮೂರನ್ನೇ ಸೈನ್ಯವೆಂದೆಣಿಸಿದರು. ಕಾಡನ್ನು ಕಡಿಯುತ್ತಿದ್ದಾಗ ಮೇಲಿನಿಂದಿಳಿದು ತಡೆಯುವ ಪ್ರಬಲ ಯತ್ನ ನಡೆಯಲಿಲ್ಲ. ಜ್ವರ ಬಡಿಯುವಷ್ಟು ಕಾಲ ಶತ್ರುವು ಅಲ್ಲಿ ನಿಲ್ಲಲಿಲ್ಲ. ಬಂಡೆಯಂತೂ, ಏರುವವನಿಗೆ ಎಷ್ಟು ಕಠಿಣವೋ ಓಡುವವನಿಗೂ ಅಷ್ಟೇ ಕಠಿಣವಾಯಿತು. ದುರ್ಗಮವೆಂಬ ಕೀರ್ತಿ ಕಾವಲುಗಾರನ ಎಚ್ಚರವನ್ನು ಮಂಕುಗೊಳಿಸಿದರೆ ಆ ಕೀರ್ತಿಯೇ ಕೋಟೆಗೆ ಮುಳುವಾಗುತ್ತದೆ.

ಈಗ ಯುದ್ಧವಿಲ್ಲ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ದೇವಾಲಯಗಳಿಗೆ ಭಕ್ತರು ಬರುತ್ತಾರೆ. ಚಾರಣಿಗರು ಪಾಳುಬಿದ್ದ ಕೋಟೆಗೋಡೆಗಳ ಪಕ್ಕದಲ್ಲಿ ಕರಿಗುಡ್ಡವನ್ನೇರಿ, ತುದಿಯ ನಂದಿಮಂಟಪದಲ್ಲಿ ದಣಿವಾರಿಸಿಕೊಂಡು, ಕೆಳಗೆ ಮಂಚನಬೆಲೆಯ ಜಲಾಶಯವನ್ನು ಕಾಣುತ್ತಾರೆ. ಬಿಳಿಗುಡ್ಡದ ನುಣುಪು ಬಂಡೆಯು ಹಗ್ಗ ಹಿಡಿದ ನಿಪುಣರ ಪಾಲು. ಮಳೆ ಬಿದ್ದಾಗ ಶಿಲೆಯು ಜಾರುತ್ತದೆ. ಇಳಿಯುವಾಗಿನ ಅಪಾಯ ಏರುವಾಗಿನದಕ್ಕಿಂತ ಹೆಚ್ಚು. ಆದುದರಿಂದ ನಮ್ಮ ತರುಣರು ಬಿಸಿಲೇರುವ ಮುನ್ನ ಹೊರಟು, ಒಣಗಿದ ಬಂಡೆಯನ್ನೇ ನಂಬಿ, ಒಬ್ಬರ ಹಿಂದೊಬ್ಬರು ನಿಧಾನವಾಗಿ ಹತ್ತಲಿ. ದಾರಿಯಲ್ಲಿ ಒಡೆದ ಗೋಡೆ ಕಂಡಾಗ, ೧೭೯೧ರ ಆ ಹಗಲು ಅಲ್ಲಿಂದ ಜಾರಿ ಬಿದ್ದ ಹೆಸರಿಲ್ಲದ ಕಾವಲುಗಾರರನ್ನು ಒಂದು ಕ್ಷಣ ನೆನೆಯಲಿ.