ನಮ್ಮೂರಾಗ ಎಷ್ಟು ಮಂದಿ ಅದಾರ? ಕೇರಿ ಕೂಡಿಸಿ ಹೇಳ್ರಿ



"ನಿಮ್ಮೂರಾಗ ಎಷ್ಟು ಮನಿ ಅದಾವ?" ಅಂತ ಕೇಳಿ ನೋಡ್ರಿ. ಲಿಂಗಾಯತರವು ಇಷ್ಟು, ಕುರುಬರವು ಇಷ್ಟು, ನಾಯಕರವು ಇಷ್ಟು, ಮುಸಲ್ಮಾನರವು ಇಷ್ಟು ಅಂತಾರ. ಕಡೀಕ ಹೊಲೇರ ಕೇರಿ, ಮಾದಿಗರ ಕೇರಿ. ತಾಂಡಾ ನೆನಪಾದ್ರೆ ಆತು. ಎಣಿಸುವ ಈ ಸಾಲಿನಲ್ಲೇ ಊರಿನ ಇತಿಹಾಸ ಇದೆ.

2011ರ ಜನಗಣತಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ಸೇರಿ ಜಿಲ್ಲೆಯ ಜನಸಂಖ್ಯೆ 11,74,271. ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಹಳ್ಳಿಯವರು. ಸುಮಾರು 23 ಮಂದಿ ಎಸ್‌ಸಿ, 12 ಮಂದಿ ಎಸ್‌ಟಿ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ನಾವೇ. ಸಾಕ್ಷರತೆ ಮಾತ್ರ ಶೇ 51.83, ರಾಜ್ಯದಲ್ಲೇ ಎಲ್ಲರಿಗಿಂತ ಕಡಿಮೆ.

ಈ ಸಂಖ್ಯೆ ಹೆಂಗ ಬಂತು? ಎಲ್ಲ ಜಾತಿಗಳ ಲೆಕ್ಕ ಕಡೆಗೆ ಪ್ರಕಟವಾಗಿದ್ದು 1931ರ ಗಣತಿಯಲ್ಲಿ. ಆಗ ನಾವು ನಿಜಾಮರ ರಾಜ್ಯದಾಗ ಇದ್ದೆವು. 1951ರಿಂದ ಎಸ್‌ಸಿ, ಎಸ್‌ಟಿ ಬಿಟ್ಟು ಉಳಿದವರ ಜಾತಿ ಎಣಿಸಲಿಲ್ಲ. ಪಟ್ಟಿಯೂ ಒಂದೇ ಥರ ನಿಲ್ಲಲಿಲ್ಲ. ಹಳೇ ಮೈಸೂರಿನಲ್ಲಿ ಎಸ್‌ಸಿ ಆಗಿದ್ದ ಲಂಬಾಣಿಗರು ನಮ್ಮ ಕಡೆ ಎಸ್‌ಸಿ ಆಗಿರಲಿಲ್ಲ. 1976ರ ಕಾಯ್ದೆ ಆ ಪ್ರಾದೇಶಿಕ ಭೇದ ತೆಗೆಯಿತು. ಗಡಿಯಾಚೆ ತೆಲಂಗಾಣದ ತಾಂಡಾದಲ್ಲಿ ಅದೇ ಲಂಬಾಣಿಗರು ಎಸ್‌ಟಿ! ಸುರಪುರ ಆಳಿದವರು ಬೇಡ ನಾಯಕರು. ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತು 1858ರಲ್ಲಿ ತೀರಿಕೊಂಡರು. ಬೇಡ, ವಾಲ್ಮೀಕಿ ಹೆಸರುಗಳು ಎಸ್‌ಟಿ ಪಟ್ಟಿಗೆ ಸೇರಿದ್ದು 1991ರಲ್ಲಿ. ಮಂದಿ ಅವರೇ, ಊರೂ ಅದೇ. ಬದಲಾಗಿದ್ದು ಕಾಗದ.

ತಾಂಡಾಗಳದು ಇನ್ನೊಂದು ಕಥೆ. ಎಷ್ಟೋ ತಾಂಡಾಗಳು ತಮ್ಮ ಹೆಸರಿಲ್ಲದೆ ಯಾವುದೋ ಊರಿನ ಲೆಕ್ಕದಾಗ ಸೇರಿದ್ದವು. 2023ರಲ್ಲಿ ಯಾದಗಿರಿ ಸೇರಿ ಐದು ಜಿಲ್ಲೆಯ ತಾಂಡಾದವರಿಗೆ ಹಕ್ಕುಪತ್ರ ಕೊಟ್ಟರು. ಅಲ್ಲೀತನಕ ಕೂತ ಮನಿಗೆ ಕಾಗದ ಇರಲಿಲ್ಲ.

ಈಗ ಅಸಲಿ ಮಾತಿಗೆ ಬರ್ತೀನಿ. ಮುಂದಿನ ಜನಗಣತಿಯಲ್ಲಿ ಎಲ್ಲರ ಜಾತಿ ಎಣಿಸ್ತಾರ. ತಲೆ ಎಣಿಕೆ 2027ರ ಫೆಬ್ರವರಿಗೆ ಅಂತ ಗೊತ್ತಾಗಿದೆ. ಫೆಬ್ರವರಿಗೆ ನಮ್ಮ ಕೇರಿ, ತಾಂಡಾ ನೋಡೀರಿ ಏನು? ತೊಗರಿ, ಹತ್ತಿ ಮುಗಿದ ಮ್ಯಾಲೆ ಅರ್ಧ ಮಂದಿ ಬೆಂಗಳೂರು, ಪುಣೆ, ಮುಂಬೈಗೆ ದುಡಿಲಿಕ್ಕೆ ಗುಳೆ ಹೋಗಿರ್ತಾರ. ಬಾಗಲಕ್ಕೆ ಬೀಗ, ಕಟ್ಟೆ ಮ್ಯಾಲೆ ಒಬ್ಬ ಮುದುಕಿ. ಎಣಿಕೆಯ ದಿನಗಳಲ್ಲಿ ಪೂರ್ತಿ ಹೊರಗಿದ್ದವರನ್ನ ಊರಾಗ ಬರೆಯೋದಿಲ್ಲ, ಇದ್ದಲ್ಲೇ ಬರೀಬೇಕು. ಬಿಲ್ಡಿಂಗ್ ಕೆಳಗಿನ ತಗಡಿನ ಶೆಡ್ಡಿಗೆ ಯಾರು ಬರ್ತಾರ?

ಇದು ಬರೇ ಲೆಕ್ಕದ ಮಾತಲ್ಲ. ನಮ್ಮ ರಾಜ್ಯದಾಗ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಎಸ್‌ಸಿ, ಎಸ್‌ಟಿ ಮೀಸಲು ಸೀಟು ಜನಸಂಖ್ಯೆ ಪ್ರಮಾಣಕ್ಕೆ ತಕ್ಕಂತೆ. ಗೌಡರ ಮನಿ ಫೆಬ್ರವರಿಗೂ ತುಂಬಿರ್ತದ, ನಮ್ಮ ಮನಿಗೆ ಬೀಗ. ಒಂದೊಂದು ಬೀಗವೂ ನಮ್ಮ ಪಾಲಿನ ಸೀಟಿಗೆ ಬಿದ್ದ ಬೀಗ.

1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹೊಗಳುವವರ ಎದುರು ನಿಂತು ಬಾಬಾಸಾಹೇಬರು ಒಪ್ಪಲಿಲ್ಲ. ಹಳ್ಳಿ ಅಂದ್ರೆ ಒಂದಲ್ಲ, ಊರು ಬೇರೆ ಕೇರಿ ಬೇರೆ ಅಂತ ಅವರಿಗೆ ಗೊತ್ತಿತ್ತು.

ಅದಕ್ಕೆ ಅಣ್ಣಂದಿರೇ, ಅಕ್ಕಂದಿರೇ, ಈಗಲೇ ನಿಮ್ಮ ಕೇರಿಯ ಮನಿ ಪಟ್ಟಿ ಮಾಡ್ರಿ. ಗುಳೆ ಹೋದವರಿಗೆ ಫೋನ್ ಹಚ್ರಿ. ಇದ್ದಲ್ಲೇ ಬರೆಸ್ರಿ, ಜಾತಿ ಹೆಸರು ನಾಚದೇ ಸ್ಪಷ್ಟ ಹೇಳ್ರಿ. ನಮ್ಮನ್ನ ಕಡೀಕ ಎಣಿಸಿದ್ದು ಸಾಕು.

ಜೈ ಭೀಮ್.